ಹಿಡಿಯುವುದು ಬೇರೆ, ಹೊಡೆಯುವುದು ಬೇರೆ

ದಾವಣಗೆರೆ ಜಿಲ್ಲೆಯ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳ ಸಂಘಟಕರಿಗೆ, ಅಂಕಣಕ್ಕಿಳಿಯುವ ತೀರ್ಪುಗಾರರಿಗೆ ಮತ್ತು ಗೆರೆಯ ಆಚೆ ನಿಂತು ಕೂಗುವ ತರಬೇತುದಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ 31 ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾದವನು. ಜಗಳೂರಿನ ಬಿಸಿಲಲ್ಲೂ ಹೊನ್ನಾಳಿಯ ಕೆಸರಲ್ಲೂ ಸೀಟಿ ಊದಿದ್ದೇನೆ. ನಿಮ್ಮಲ್ಲಿ ಅರ್ಧದಷ್ಟು ಜನ ನನ್ನನ್ನು ಬಲ್ಲಿರಿ, ಕೆಲವರಂತೂ ನನ್ನ ಕೈಕೆಳಗೇ ಆಡಿ ಬೆಳೆದವರು. ಕಬಡ್ಡಿ ಗೊತ್ತಿಲ್ಲದ ಯಾರೋ ಒಬ್ಬರು ಮನೆಯಲ್ಲಿ ಕುಳಿತು ಬುದ್ಧಿ ಹೇಳುತ್ತಿದ್ದಾರೆಂದು ಈ ಪತ್ರವನ್ನು ಮಡಚಿಡಬೇಡಿ ಎಂದು ಕೇಳಿಕೊಳ್ಳುವುದಕ್ಕಷ್ಟೇ ಇದನ್ನು ಹೇಳಿದೆ.

ಅಂಕಣದೊಳಗೆ ನುಗ್ಗಿ ಬಂದ ಎದುರಾಳಿಯನ್ನು, ಅಂದರೆ ರೈಡರ್‌ನನ್ನು, ಭುಜದಿಂದ ಗುದ್ದಿ ಗೆರೆಯಾಚೆ ಕಳಿಸುವುದಕ್ಕೆ ‘ಡ್ಯಾಶ್’ ಎನ್ನುತ್ತೇವಲ್ಲ, ಮಕ್ಕಳ ಪಂದ್ಯಗಳಲ್ಲಿ ಅದು ನಡೆಯುತ್ತಿರುವ ರೀತಿಯ ಬಗ್ಗೆ ಈ ಪತ್ರ. ಕಳೆದ ಜನವರಿಯಲ್ಲಿ ಭದ್ರಾ ನಾಲೆಯ ದಂಡೆಯ ಒಂದು ಊರಿನಲ್ಲಿ ನಡೆದದ್ದನ್ನು ಮೊದಲು ತಿಳಿಸುತ್ತೇನೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಪಕ್ಕದ ಊರಿನವರು ತಮ್ಮಲ್ಲಿ ಹೀಗಿಲ್ಲವೆಂದು ನೆಮ್ಮದಿಯಿಂದ ಇದ್ದುಬಿಡುತ್ತಾರೆ.

ಭತ್ತದ ಕೊಯ್ಲು ಮುಗಿದಿತ್ತು. ಕಣವನ್ನೇ ಹಸನು ಮಾಡಿ ಬಾಡಿಗೆಯ ಮ್ಯಾಟ್ ಹಾಸಿದ್ದರು. ನಾಲ್ಕು ಮೂಲೆಗೆ ನಾಲ್ಕು ಕಂಬ, ಕಂಬಕ್ಕೆರಡು ದೀಪ. ಜನ ಕುಳಿತುಕೊಳ್ಳಲೆಂದು ಒಂದು ಬದಿಯಲ್ಲಿ ಎರಡು ಟ್ರ್ಯಾಕ್ಟರ್ ಟ್ರೇಲರ್‌ಗಳನ್ನು ತಂದು ನಿಲ್ಲಿಸಿದ್ದರು. ಅಂಕಣದ ಗೆರೆಗೂ ಟ್ರೇಲರ್‌ಗೂ ನಡುವೆ ನಾನು ಹೆಜ್ಜೆ ಹಾಕಿ ನೋಡಿದೆ, ಎರಡೂವರೆ ಹೆಜ್ಜೆ ಇತ್ತು. ಆಮೇಲೆ ಕರೆದು ಶಾಲು ಹೊದಿಸಿ ವೇದಿಕೆಯ ಮೇಲೆ ಕೂರಿಸಿದರು, ನಾನೂ ಹೆಜ್ಜೆಯ ಲೆಕ್ಕವನ್ನು ಅಲ್ಲಿಗೇ ಬಿಟ್ಟೆ.

ಕರಪತ್ರದಲ್ಲಿ ‘55 ಕೆ.ಜಿ. ಒಳಗಿನವರಿಗೆ’ ಎಂದು ದಪ್ಪ ಅಕ್ಷರದಲ್ಲಿತ್ತು. ತೂಕಕ್ಕೆ ಇಟ್ಟಿದ್ದದ್ದು ಭತ್ತದ ಚೀಲ ತೂಗುವ ಯಂತ್ರ. ಯಂತ್ರದ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ರೈಸ್ ಮಿಲ್ಲುಗಳೇ ನಂಬುವುದನ್ನು ನಾನೇಕೆ ಅನುಮಾನಿಸಲಿ? ತಕರಾರಿರುವುದು ಅದರ ಮುಂದೆ ಕುಳಿತವರ ಬಗ್ಗೆ. ಸಣ್ಣ ಊರಿನ ಹುಡುಗರು ಬಂದಾಗ ಬನಿಯನ್ ಕೂಡ ಬಿಚ್ಚಿಸಿ ಒಬ್ಬೊಬ್ಬರನ್ನೇ ತೂಗಿದರು. ಹೆಸರಾಂತ ತಂಡ ಬಂದಾಗ ನಾಯಕನೊಬ್ಬನನ್ನು ನಿಲ್ಲಿಸಿ, ಉಳಿದವರ ಹೆಸರಿನ ಮುಂದೆ ತಾವೇ ಅಂಕಿ ಬರೆದುಕೊಂಡರು. ಮುಖ ನೋಡಿ ಮಣೆ ಹಾಕುವುದನ್ನು ಕೇಳಿದ್ದೆ, ಮುಖ ನೋಡಿ ತೂಕ ಹಾಕುವುದನ್ನು ಅಂದು ಕಂಡೆ.

ಪೆಟ್ಟು ತಿಂದ ಹುಡುಗ ಒಂಬತ್ತನೆಯ ತರಗತಿಯವನು. ಹದಿನಾಲ್ಕು ವರ್ಷ, 47 ಕೆ.ಜಿ. ನಾನು ಕೊನೆಯದಾಗಿ ಕೆಲಸ ಮಾಡಿದ ಶಾಲೆಯವನೇ. ಕಾಲು ಚುರುಕು, ದಾಟಿದರೆ ಹೆಚ್ಚುವರಿ ಅಂಕ ಸಿಗುವ ಬೋನಸ್ ಗೆರೆಯನ್ನು ಬೆಕ್ಕಿನ ಹಾಗೆ ದಾಟಿ ಬರುತ್ತಾನೆ. ಸೆಮಿಫೈನಲ್‌ನಲ್ಲಿ ಬೋನಸ್ ತೆಗೆದುಕೊಂಡು ಪಕ್ಕದ ಗೆರೆಯ ಗುಂಟ ತಿರುಗುತ್ತಿದ್ದ. ಕವರ್ ಎಂಬ ಜಾಗದಲ್ಲಿ ರಕ್ಷಣೆಗೆ ನಿಂತಿದ್ದ ಆಟಗಾರ, ಮೀಸೆ ಬಂದವನು, 55 ಕೆ.ಜಿ. ಒಳಗಿನವನೆಂದು ದೇವರಾಣೆ ಮಾಡಿದರೂ ನಾನು ನಂಬುವುದಿಲ್ಲ, ನಡುವಿನಿಂದ ಓಡಿ ಬಂದು ಭುಜದಿಂದ ಪಕ್ಕೆಗೆ ಗುದ್ದಿದ. ಅವನ ಎರಡೂ ಕೈಗಳು ಮುಷ್ಟಿ ಕಟ್ಟಿ ಎದೆಗೆ ಅಂಟಿಕೊಂಡಿದ್ದವು. ಇದನ್ನು ದಯವಿಟ್ಟು ಗಮನಿಸಿ. ಹಿಡಿಯಲು ಬಂದವನ ಕೈ ತೆರೆದಿರುತ್ತದೆ. ಹುಡುಗನ ಕಾಲು ನೆಲ ಬಿಟ್ಟಿತು. ಗೆರೆ ದಾಟಿ, ಆ ಎರಡೂವರೆ ಹೆಜ್ಜೆಯನ್ನೂ ದಾಟಿ, ತಲೆ ಟ್ರೇಲರ್‌ನ ಕಬ್ಬಿಣದ ಅಂಚಿಗೆ ಬಡಿಯಿತು. ಭತ್ತದ ಚೀಲ ಎತ್ತಿ ಒಗೆದಾಗ ಬರುವಂಥ ಸದ್ದು.

ಶಿಳ್ಳೆಗಳು ಎದ್ದವು. ಮೈಕ್ ಹಿಡಿದವರು “ಏನು ಡ್ಯಾಶ್! ಏನು ಡ್ಯಾಶ್!” ಎಂದು ಎರಡು ಸಲ ಕೂಗಿ, ಊರಿನ ಹಿರಿಯರೊಬ್ಬರು ಆ ಡ್ಯಾಶ್‌ಗೆ ಐನೂರು ರೂಪಾಯಿ ಘೋಷಿಸಿದ್ದಾರೆಂದು ಸಾರಿದರು. ತೀರ್ಪುಗಾರರು ಒಂದು ಬೆರಳೆತ್ತಿ ಹಿಡಿತದ ತಂಡಕ್ಕೆ ಅಂಕ ಕೊಟ್ಟರು. ಹುಡುಗ ಹತ್ತು ಎಣಿಸುವಷ್ಟು ಹೊತ್ತು ಕಣ್ಣು ತೆರೆಯಲಿಲ್ಲ.

ಮುಖಕ್ಕೆ ನೀರು ಎರಚಿ, ನಿಂಬೆ ಸೋಡಾ ಕುಡಿಸಿದರು. ನಾನು ವೇದಿಕೆಯಿಂದ ಇಳಿದು ಹೋಗಿ ಪಕ್ಕದಲ್ಲಿ ಕುಳಿತೆ. “ಸರ್, ಸ್ಕೋರ್ ಎಷ್ಟು?” ಎಂದು ಕೇಳಿದ. ಹೇಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದ. ಮತ್ತೆ ಹೇಳಿದೆ. ಮೂರನೆಯ ಸಲ ಕೇಳಿದಾಗ ನನ್ನ ಹೊಟ್ಟೆಯೊಳಗೆ ತಣ್ಣಗಾಯಿತು. ಸಂಘಟಕರಿಗೆ, ಈ ಹುಡುಗ ಇನ್ನು ಆಡುವುದು ಬೇಡವೆಂದೆ. “ಸೆಮಿಫೈನಲ್ ಸರ್, ಏನೂ ಆಗಿಲ್ಲ, ಎದ್ದು ಕೂತಿದ್ದಾನಲ್ಲ” ಎಂದರು. ಅಷ್ಟರಲ್ಲಿ ಅವನ ತಂಡಕ್ಕೆ ಅಂಕ ಬಂತು, ಔಟಾದವರ ಸರದಿಯಲ್ಲಿ ಅವನೇ ಮೊದಲಿನವನು, ಒಳಗೆ ಹೋಗಿಬಿಟ್ಟ. ಗಟ್ಟಿಯಾಗಿ ಕೈ ಹಿಡಿದು ಕೂರಿಸಿಕೊಳ್ಳಬೇಕಾಗಿದ್ದ ನಾನು ಹೆಗಲ ಮೇಲೆ ಶಾಲು ಹಾಕಿಕೊಂಡು ಹಿಂದಿರುಗಿ ವೇದಿಕೆಯಲ್ಲಿ ಕುಳಿತೆ. ಈ ಪತ್ರದಲ್ಲಿ ನಾನು ಯಾರನ್ನಾದರೂ ದೂರುವುದಾದರೆ ಮೊದಲು ದೂರಬೇಕಾದದ್ದು ನನ್ನನ್ನೇ.

ರಾತ್ರಿ ಎರಡು ಸಲ ವಾಂತಿಯಾಯಿತಂತೆ. ಬೆಳಗ್ಗೆ ದಾವಣಗೆರೆಗೆ ಕರೆತಂದು ಸ್ಕ್ಯಾನ್ ಮಾಡಿಸಿದರು. ಮಿದುಳಿನಲ್ಲಿ ರಕ್ತಸ್ರಾವವಿಲ್ಲ, ಆದರೆ ಮಿದುಳು ಅಲುಗಾಡಿದೆ, ಎರಡು ವಾರ ಪುಸ್ತಕವೂ ಬೇಡ ಮೊಬೈಲೂ ಬೇಡ ಎಂದರು ವೈದ್ಯರು. ಮೂರು ವಾರ ಆ ಹುಡುಗ ಕಿಟಕಿ ಮುಚ್ಚಿಕೊಂಡು ಮಲಗಿದ್ದ. ಬೆಳಕು ಕಂಡರೆ ತಲೆ ಸಿಡಿಯುತ್ತಿತ್ತು.

ಇದಾದ ಮೇಲೆ ನಾನು ಸಂಘಟಕರಲ್ಲಿ ಕೆಲವರನ್ನು ಕಂಡು ಮಾತಾಡಿದೆ. ಎಲ್ಲರದೂ ಒಂದೇ ಉತ್ತರ: “ಡ್ಯಾಶ್ ಮಾಡುವುದು ಆಟದಲ್ಲೇ ಇದೆಯಲ್ಲ ಸರ್.” ಇದೆ, ನಿಜ. ನಾನೇ ನೂರಾರು ಹುಡುಗರಿಗೆ ಕಲಿಸಿದ್ದೇನೆ. ಆದರೆ ಅದೇ ನಿಯಮ ಪುಸ್ತಕದಲ್ಲಿ ಇನ್ನೂ ಕೆಲವು ಸಾಲುಗಳಿವೆ. ರೈಡರ್‌ನನ್ನು ಕೈಕಾಲು ಮತ್ತು ಮುಂಡ ಬಿಟ್ಟು ಬೇರೆಲ್ಲೂ ಬೇಕೆಂದು ಹಿಡಿಯುವಂತಿಲ್ಲ. ಬಾಯಿ ಮುಚ್ಚಿ, ಕುತ್ತಿಗೆ ಅದುಮಿ ಉಸಿರು ನಿಲ್ಲಿಸುವಂತಿಲ್ಲ. ಕಾಲುಗಳನ್ನು ಕತ್ತರಿಯಂತೆ ಹಾಕುವಂತಿಲ್ಲ. ಮೈಗೆ ಪೆಟ್ಟಾಗುವಂಥ ಒರಟು ಹಿಡಿತ ಫೌಲ್. ಎಚ್ಚರಿಕೆಗೆ ಹಸಿರು ಕಾರ್ಡ್, ಎರಡು ನಿಮಿಷ ಹೊರಗೆ ಕೂರಿಸಲು ಹಳದಿ, ಪಂದ್ಯದಿಂದಲೇ ಕಳಿಸಲು ಕೆಂಪು. ಆ ರಾತ್ರಿಯ ತೀರ್ಪುಗಾರರನ್ನು ಕಾರ್ಡ್ ಏಕೆ ತೋರಿಸಲಿಲ್ಲವೆಂದು ಕೇಳಿದೆ. ಅವರು ಸಂಕೋಚದಿಂದ ಹೇಳಿದರು: “ಕಾರ್ಡ್ ತಂದಿರಲಿಲ್ಲ ಸರ್.” ಸೀಟಿ ತಂದಿದ್ದರು, ಗೌರವಧನದ ಲಕೋಟೆ ಒಯ್ಯಲು ಚೀಲ ತಂದಿದ್ದರು.

ಈಗ ಸ್ವಲ್ಪ ದೂರದ ಮಾತು. ನನ್ನ ಮಗಳು ಕೆನಡಾದ ಕ್ಯಾಲ್ಗರಿಯಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಹೋಗಿದ್ದೆ. ಅಲ್ಲಿ ಮಕ್ಕಳು ಐಸ್ ಹಾಕಿ ಆಡುತ್ತಾರೆ, ನಮ್ಮ ಮೊಮ್ಮಗನೂ ಆಡುತ್ತಾನೆ, ಆಗ ಅವನಿಗೆ ಹನ್ನೊಂದು. ಮಂಜುಗಡ್ಡೆಯ ನೆಲ, ಸುತ್ತಲೂ ಹಲಗೆಯ ಗೋಡೆ, ಅದರ ಮೇಲೆ ಗಾಜು. ಮಕ್ಕಳ ತಲೆಗೆ ಹೆಲ್ಮೆಟ್, ಮುಖಕ್ಕೆ ಜಾಲರಿ, ಭುಜ ಮೊಣಕಾಲುಗಳಿಗೆಲ್ಲ ದಿಂಬಿನಂಥ ಕವಚ. ನನ್ನ ಮೊಮ್ಮಗ ಎಲ್ಲಿದ್ದಾನೆಂದು ಬೆನ್ನಿನ ನಂಬರ್ ನೋಡಿಯೇ ಗುರುತಿಸಬೇಕಾಯಿತು. ಕಾಲಿಗೆ ಶಾಲು ಸುತ್ತಿಕೊಂಡು, ಹಲ್ಲು ಕಡಿಯುತ್ತ, ಈ ಚಳಿಯಲ್ಲಿ ಆಡುವವರಿಗಿಂತ ನೋಡುವವರಿಗೇ ಬಹುಮಾನ ಕೊಡಬೇಕೆಂದುಕೊಳ್ಳುತ್ತಿದ್ದೆ.

ಐಸ್ ಹಾಕಿಯ ಹೆಸರು ನಿಮಗೆ ಗೊತ್ತಿದ್ದರೆ ಅದು ಅದರ ಹೊಡೆದಾಟದಿಂದಲೇ ಇರಬೇಕು. ದೊಡ್ಡವರ ಆಟದಲ್ಲಿ, ಪಕ್ ಎಂಬ ರಬ್ಬರ್ ಬಿಲ್ಲೆ ಯಾರ ಬಳಿ ಇದೆಯೋ ಅವನನ್ನು ಭುಜದಿಂದಲೋ ಸೊಂಟದಿಂದಲೋ ಗುದ್ದಿ ಪಕ್‌ನಿಂದ ಬೇರ್ಪಡಿಸಬಹುದು. ಅದಕ್ಕೆ ಬಾಡಿ ಚೆಕ್ ಎನ್ನುತ್ತಾರೆ. ನಮ್ಮ ಡ್ಯಾಶ್‌ನ ಅಣ್ಣ ಎನ್ನಿ. ಅದರಲ್ಲೂ ಗೆರೆಗಳಿವೆ. ಪಕ್ ಇಲ್ಲದವನನ್ನು ಗುದ್ದಿದರೆ ತಪ್ಪು, ದೂರದಿಂದ ವೇಗ ಕೂಡಿಸಿಕೊಂಡು ಬಂದು ಗುದ್ದಿದರೆ ತಪ್ಪು, ಬೆನ್ನಿಗೆ ಗುದ್ದಿದರೆ ತಪ್ಪು, ಎದುರಾಳಿ ಅಂಚಿನ ಗೋಡೆಗೆ ಅಪ್ಪಳಿಸುವಂತೆ ಗುದ್ದಿದರೆ ತಪ್ಪು. ಕೊನೆಯದನ್ನು ಓದುವಾಗ ಟ್ರೇಲರ್ ನೆನಪಾಗಲಿ.

ಮೊಮ್ಮಗನ ಪಂದ್ಯದಲ್ಲಿ ಎದುರು ತಂಡದ ಹುಡುಗನೊಬ್ಬ ನಮ್ಮವನನ್ನು ಭುಜದಿಂದ ಗುದ್ದಿ ಬೀಳಿಸಿದ. ದೊಡ್ಡ ಪೆಟ್ಟೇನಲ್ಲ, ಬಿದ್ದವನು ತಕ್ಷಣ ಎದ್ದ. ಆದರೂ ಸೀಟಿ ಬಿತ್ತು. ಗುದ್ದಿದವನನ್ನು ಪಕ್ಕದ ಪೆಟ್ಟಿಗೆಯಂಥ ಜಾಗದಲ್ಲಿ ಎರಡು ನಿಮಿಷ ಕೂರಿಸಿದರು. ಎರಡು ನಿಮಿಷ, ನಮ್ಮ ಹಳದಿ ಕಾರ್ಡಿನಷ್ಟೇ. ಯಾರೂ ಗಲಾಟೆ ಮಾಡಲಿಲ್ಲ, ಆ ಹುಡುಗನ ಅಪ್ಪನೂ ಸುಮ್ಮನೆ ಕಾಫಿ ಕುಡಿಯುತ್ತಿದ್ದ. ಇದು ಗುದ್ದುವ ಆಟವೇ ಅಲ್ಲವೇ ಎಂದು ಅಳಿಯನನ್ನು ಕೇಳಿದೆ. ಈ ವಯಸ್ಸಿನವರಿಗೆ ಇಲ್ಲ ಮಾವ, ಹದಿಮೂರರ ನಂತರ, ಅದೂ ಕೆಲವು ಹಂತದ ತಂಡಗಳಲ್ಲಿ ಮಾತ್ರ ಎಂದ.

ಇದು ಅಲ್ಲಿ ಸುಲಭಕ್ಕೆ ಬಂದ ನಿಯಮವಲ್ಲ. ಹಿಂದೆ ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯದಲ್ಲಿ ಹನ್ನೊಂದು-ಹನ್ನೆರಡು ವಯಸ್ಸಿನ ಮಕ್ಕಳಿಗೂ ಬಾಡಿ ಚೆಕ್‌ಗೆ ಅನುಮತಿಯಿತ್ತು, ಕ್ವಿಬೆಕ್ ಪ್ರಾಂತ್ಯದಲ್ಲಿ ಇರಲಿಲ್ಲ. ಸಂಶೋಧಕರು ಎರಡೂ ಕಡೆಯ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಂದು ಋತುವಿನುದ್ದಕ್ಕೂ ಗಮನಿಸಿ 2010ರಲ್ಲಿ ವರದಿ ಪ್ರಕಟಿಸಿದರು. ಪಂದ್ಯದಲ್ಲಿ ಪೆಟ್ಟಾಗುವ ಅಪಾಯ ಗುದ್ದಲು ಬಿಟ್ಟ ಕಡೆ ಮೂರು ಪಟ್ಟಿಗೂ ಹೆಚ್ಚಿತ್ತು. ಒಂದೇ ದೇಶ, ಒಂದೇ ಆಟ, ಒಂದೇ ವಯಸ್ಸು. 2013ರಲ್ಲಿ ಹಾಕಿ ಕೆನಡಾ ಸಂಸ್ಥೆ ಆ ವಯಸ್ಸಿನವರಿಗೆ ಇಡೀ ದೇಶದಲ್ಲಿ ಬಾಡಿ ಚೆಕ್ ನಿಲ್ಲಿಸಿತು. ಅಮೆರಿಕದಲ್ಲಿ ಅದಕ್ಕೂ ಎರಡು ವರ್ಷ ಮೊದಲೇ ನಿಲ್ಲಿಸಿದ್ದರು. ಚಿಕ್ಕಂದಿನಲ್ಲೇ ಕಲಿಸದಿದ್ದರೆ ದೊಡ್ಡವರಾದ ಮೇಲೆ ತಡೆದುಕೊಳ್ಳುವುದು ಹೇಗೆ ಎಂದು ವಾದಿಸುವವರು ಅಲ್ಲೂ ಇದ್ದಾರೆ. ನಮ್ಮಲ್ಲಿ ಅದೇ ಮಾತನ್ನು ಮಿರ್ಚಿ-ಮಂಡಕ್ಕಿ ತಿನ್ನುತ್ತ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ.

ದೊಡ್ಡವರ ಆಟದ ಒಂದು ಘಟನೆಯನ್ನೂ ಹೇಳಬೇಕು, ‘ನಿಯಮದಲ್ಲಿದೆ’ ಎನ್ನುವವರಿಗಾಗಿ. 2010ರ ಮಾರ್ಚ್‌ನಲ್ಲಿ ಅಲ್ಲಿಯ ರಾಷ್ಟ್ರೀಯ ಹಾಕಿ ಲೀಗಿನ ಪಂದ್ಯವೊಂದರಲ್ಲಿ ಪಿಟ್ಸ್‌ಬರ್ಗ್‌ನ ಮ್ಯಾಟ್ ಕುಕ್ ಎಂಬಾತ ಬಾಸ್ಟನ್‌ನ ಮಾರ್ಕ್ ಸವಾರ್ಡ್‌ಗೆ ಕಾಣದ ಬದಿಯಿಂದ ಬಂದು ತಲೆಗೆ ಗುದ್ದಿದ. ಸವಾರ್ಡ್‌ನನ್ನು ಸ್ಟ್ರೆಚರ್‌ನಲ್ಲಿ ಹೊತ್ತೊಯ್ದರು. ಕುಕ್‌ಗೆ ಒಂದು ಪಂದ್ಯದ ನಿಷೇಧವೂ ಆಗಲಿಲ್ಲ, ಏಕೆಂದರೆ ಅಂಥ ಗುದ್ದಿಗೆ ಅಂದು ನಿಯಮದಲ್ಲಿ ತಡೆ ಇರಲಿಲ್ಲ. ಅದೇ ತಿಂಗಳು ಲೀಗ್ ಎಚ್ಚೆತ್ತು, ಕಾಣದ ಬದಿಯಿಂದ ತಲೆಯನ್ನೇ ಗುರಿಯಾಗಿಸಿ ಗುದ್ದುವುದನ್ನು ಶಿಕ್ಷಾರ್ಹ ಮಾಡಿತು. ತಿಂಗಳ ಮೊದಲ ವಾರದಲ್ಲಿ ನ್ಯಾಯವಾಗಿದ್ದದ್ದು ಕೊನೆಯ ವಾರದಲ್ಲಿ ಅನ್ಯಾಯವಾಯಿತು, ಗುದ್ದು ಮಾತ್ರ ಅದೇ. ಸವಾರ್ಡ್ ಚೇತರಿಸಿಕೊಂಡು ಮತ್ತೆ ಆಡಿದ. ಮರುವರ್ಷ ಜನವರಿಯಲ್ಲಿ ಇನ್ನೊಂದು ಪೆಟ್ಟು ಬಿದ್ದ ಮೇಲೆ ಆ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಒಮ್ಮೆ ಅಲುಗಾಡಿದ ಮಿದುಳಿಗೆ ಎರಡನೆಯ ಪೆಟ್ಟು ಎಂಥದೆಂದು ನಮ್ಮ ಹುಡುಗನನ್ನು ಸೋಡಾ ಕುಡಿಸಿ ಒಳಗೆ ಕಳಿಸಿದವರು ತಿಳಿದುಕೊಳ್ಳಲಿ. ಕೋಟಿಗಟ್ಟಲೆ ಹಣವಿದ್ದ ಆಟಗಾರನ ಕತೆ ಅದು. ನಮ್ಮವನ ಮೈಮೇಲೆ ಇದ್ದದ್ದು ತೋಳಿಲ್ಲದ ಒಂದು ಜೆರ್ಸಿ.

ಇನ್ನು ಹೇಳಲು ಕಷ್ಟವಾಗುವ ಮಾತು. ಆ ಸೆಮಿಫೈನಲ್ ಆರಂಭವಾಗುವ ಮೊದಲು, ಎದುರು ತಂಡದ ತರಬೇತುದಾರ ತನ್ನ ಕವರ್ ಆಟಗಾರನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ: “ಮೊದಲ ಡ್ಯಾಶ್‌ನಲ್ಲೇ ಭಯ ಹುಟ್ಟಿಸು. ಆಮೇಲೆ ಅವನು ಬೋನಸ್ ಗೆರೆಯ ಹತ್ತಿರ ಬರುವುದಿಲ್ಲ.” ಆ ತರಬೇತುದಾರ ಹಿಂದೊಮ್ಮೆ ನನ್ನ ಶಾಲೆಯ ತಂಡದ ನಾಯಕನಾಗಿದ್ದ. ಆ ಮಾತು ಅವನದಲ್ಲ, ನನ್ನದು. ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ, ವಿಭಾಗ ಮಟ್ಟದ ಆಯ್ಕೆಗೆ ಮುನ್ನ, ಹೆಚ್ಚುಕಡಿಮೆ ಇದೇ ಪದಗಳಲ್ಲಿ ನಾನು ಅವನಿಗೆ ಹೇಳಿಕೊಟ್ಟಿದ್ದೆ. ಅಂದು ಯಾರಿಗೂ ಪೆಟ್ಟಾಗಲಿಲ್ಲ, ಆಯ್ಕೆಯೂ ಆಯಿತು, ಆದ್ದರಿಂದ ನಾನು ಅದನ್ನು ಜಾಣತನವೆಂದುಕೊಂಡೆ. ರೈಡರ್‌ನನ್ನು ಹಿಡಿಯಲು ಮಾಡುವ ಡ್ಯಾಶ್‌ಗೂ ಅವನು ನಾಳೆ ಬರದಂತೆ ಮಾಡಲು ಮಾಡುವ ಡ್ಯಾಶ್‌ಗೂ ಇರುವ ಅಂತರವನ್ನು 31 ವರ್ಷ ಪಾಠ ಮಾಡಿದವನಾಗಿ ನಾನು ಹೇಳಿಕೊಡಬೇಕಿತ್ತು. ಹೇಳಿಕೊಡಲಿಲ್ಲ.

ನಮ್ಮ ಕುಸ್ತಿಯವರನ್ನು ನೋಡಿ. ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಯಲ್ಲಿ ಹಿರಿಯ ಪೈಲ್ವಾನರು ಕಣಕ್ಕೆ ಬಂದ ಹುಡುಗನ ಕುತ್ತಿಗೆ, ತೊಡೆ, ನಿಲುವು ನೋಡಿ ಜೋಡಿ ಕಟ್ಟುತ್ತಾರೆ. ಜೋಡಿ ಸರಿಯಿಲ್ಲದಿದ್ದರೆ ಜನರೇ ಕೂಗಿ ನಿಲ್ಲಿಸುತ್ತಾರೆ. ಕುಸ್ತಿಗಿಂತ ಕಬಡ್ಡಿ ಸಾಧುವಾದ ಆಟವೆಂದು ಹೇಳುವ ನಾವು ಆ ವಿವೇಕವನ್ನೂ ಇಟ್ಟುಕೊಂಡಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಟಿ.ವಿ.ಗೆ ಬಂದ ಮೇಲೆ ಈಗಿನ ಹುಡುಗರು ಡ್ಯಾಶ್ ಕಲಿಯುವುದು ಹೆಚ್ಚಾಗಿ ಅಲ್ಲಿಂದ. ಅದು ತಪ್ಪೆನ್ನುವುದಿಲ್ಲ. ಆದರೆ ಅಲ್ಲಿ ಆಡುವವರು ಪಳಗಿದ ಗಂಡಸರು, ಅಂಕಣದಾಚೆ ಟ್ರೇಲರ್ ನಿಂತಿರುವುದಿಲ್ಲ, ಬಿದ್ದವನ ಬಳಿಗೆ ಓಡಿ ಬರುವವನು ಸೋಡಾ ಅಂಗಡಿಯವನಲ್ಲ.

ಆದ್ದರಿಂದ ನನ್ನ ಕೋರಿಕೆಗಳು. ಹದಿನಾಲ್ಕರೊಳಗಿನವರು, ಶಾಲೆಯ ಮಕ್ಕಳು ಆಡುವ ವಿಭಾಗಗಳಲ್ಲಿ, ಕೈಯಿಂದ ಹಿಡಿಯದೆ ಬರೀ ಭುಜದಿಂದ ಗುದ್ದಿ ಗೆರೆಯಾಚೆ ಕಳಿಸಿದರೆ ಅಂಕ ಕೊಡಬೇಡಿ. ಇದೊಂದನ್ನು ಮಾಡಿದರೆ ಅರ್ಧ ಕೆಲಸ ಆದಂತೆ, ಏಕೆಂದರೆ ಅಂಕ ಸಿಗದ ಕೆಲಸವನ್ನು ಯಾವ ಹುಡುಗನೂ ಎರಡನೆಯ ಸಲ ಮಾಡುವುದಿಲ್ಲ. ಹಿಡಿತ ಕಲಿಯಲಿ: ಕಾಲು, ತೊಡೆ, ಸೊಂಟ, ಕೈಗೆ ಕೈ ಸೇರಿಸಿದ ಸರಪಳಿ. ಡ್ಯಾಶ್ ಮುಂದೆ ಕಲಿಯುವುದಿದ್ದೇ ಇದೆ. ಹದಿನೆಂಟು ದಾಟಿದವರನ್ನು ಹದಿನಾಲ್ಕರವರೆದುರು ನಿಲ್ಲಿಸಬೇಡಿ, ತೂಕ ಒಂದೇ ಇದ್ದರೂ. ಮೂಳೆಯ ವಯಸ್ಸನ್ನು ಭತ್ತದ ಯಂತ್ರ ಹೇಳುವುದಿಲ್ಲ. ತೂಗುವಾಗ ಎರಡೂ ತಂಡದವರು ಎದುರಿಗಿರಲಿ, ಎಲ್ಲರನ್ನೂ ತೂಗಿ.

ಅಂಕಣದ ಸುತ್ತ ಏನೂ ಇಲ್ಲದ ಜಾಗ ಬಿಡಿ. ಟ್ರ್ಯಾಕ್ಟರ್, ಕಂಬ, ಕಬ್ಬಿಣದ ಕುರ್ಚಿ, ಜನರೇಟರ್ ಎಲ್ಲವೂ ದೂರವಿರಲಿ. ಕಂಬ ಸರಿಸಲಾಗದಿದ್ದರೆ ಅದಕ್ಕೆ ಹುಲ್ಲಿನ ಹೊರೆಯನ್ನಾದರೂ ಕಟ್ಟಿ, ಕೊಯ್ಲು ಮುಗಿದ ಊರಿನಲ್ಲಿ ಹುಲ್ಲಿಗೆ ಬರವೇ? ತಲೆಗೆ ಪೆಟ್ಟು ಬಿದ್ದವನು, ಎಷ್ಟೇ ಚೆನ್ನಾಗಿ ಮಾತಾಡುತ್ತಿರಲಿ, ಆ ದಿನ ಮತ್ತೆ ಒಳಗೆ ಹೋಗಕೂಡದು. ಅದನ್ನು ನಿರ್ಧರಿಸುವವರು ತರಬೇತುದಾರರೂ ಸಂಘಟಕರೂ ಆಗಿರಬಾರದು. ತೀರ್ಪುಗಾರರೇ, ನೀವು ಮೂರು ಬಣ್ಣದ ಕಾರ್ಡ್ ತನ್ನಿ. ಮದುವೆ ಕರೆಯೋಲೆಯ ರಟ್ಟು ಕತ್ತರಿಸಿ ಮಾಡಿಕೊಂಡರೂ ನಡೆಯುತ್ತದೆ. ನೀವು ಹಳದಿ ತೋರಿಸಿದಾಗ ಊರಿನವರು ನಿಮ್ಮ ಮೇಲೆ ಬೀಳದಂತೆ ನೋಡಿಕೊಳ್ಳುವುದು ಸಂಘಟಕರ ಹೊಣೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಚನ್ನಗಿರಿ ಕಡೆಯ ಒಂದೂರಿನಲ್ಲಿ ಕಾರ್ಡ್ ತೋರಿಸಿದ ತಪ್ಪಿಗೆ ನನ್ನ ಸ್ಕೂಟರ್‌ನ ಎರಡೂ ಚಕ್ರದ ಗಾಳಿ ಹೋಗಿತ್ತು. ಮೈಕ್ ಹಿಡಿಯುವವರಿಗೊಂದು ಮಾತು: ಬಿದ್ದವನು ಏಳುವವರೆಗೆ ಬಹುಮಾನ ಸಾರಬೇಡಿ. ಉತ್ತಮ ಹಿಡಿತಗಾರ ಪ್ರಶಸ್ತಿಯನ್ನು ಹಳದಿ ಕಾರ್ಡ್ ಪಡೆದವನಿಗೆ ಕೊಡಬೇಡಿ.

ಹೀಗೆ ಮಾಡಿದರೆ ಆಟ ಸಪ್ಪೆಯಾಗುತ್ತದೆ, ಜನ ಬರುವುದಿಲ್ಲ ಎನ್ನುವಿರಿ. ನಾನು ಕಂಡ ಅತ್ಯುತ್ತಮ ಹಿಡಿತ ಹರಿಹರದಲ್ಲಿ ಒಬ್ಬ ಹೆಣ್ಣುಮಗಳು ಹಿಡಿದದ್ದು. ಎಡ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಂತೆ ಇದ್ದವಳು, ರೈಡರ್ ಕಾಲು ಚಾಚಿದ ಕ್ಷಣದಲ್ಲಿ ಎರಡೂ ಕೈಯಿಂದ ಹಿಮ್ಮಡಿಯ ಮೇಲ್ಗಡೆ ಹಿಡಿದು, ತಲೆಯನ್ನು ಆಚೆ ಬದಿಗೆ ಹೊರಳಿಸಿ, ಕೂತಲ್ಲೇ ಹಿಂದಕ್ಕೆ ಜಾರಿದಳು. ರೈಡರ್ ಮೆಲ್ಲನೆ ಮಲಗಿದ ಹಾಗೆ ನೆಲಕ್ಕೆ ಬಂದಳು, ಎದ್ದ ಮೇಲೆ ಹಿಡಿದವಳ ಬೆನ್ನು ತಟ್ಟಿದಳು. ಅಂದು ಬಿದ್ದ ಚಪ್ಪಾಳೆಯನ್ನು ಯಾವ ಡ್ಯಾಶ್‌ಗೂ ನಾನು ಕೇಳಿಲ್ಲ.

ಮುಂದಿನ ಸುಗ್ಗಿಗೆ ಕರಪತ್ರಗಳು ಅಚ್ಚಾಗುವ ಹೊತ್ತು ಹತ್ತಿರ ಬರುತ್ತಿದೆ. ಅದಕ್ಕೆ ಮೊದಲು ಒಂದು ದಿನ ಎಲ್ಲರೂ ದಾವಣಗೆರೆಯಲ್ಲಿ ಸೇರೋಣ. ತೀರ್ಪುಗಾರರಿಗೆ ನಿಯಮಗಳನ್ನು ಮತ್ತೊಮ್ಮೆ ಓದಿ ಹೇಳಲು, ಮಕ್ಕಳ ಪಂದ್ಯಗಳಿಗೆ ಸೀಟಿ ಊದಲು ನಾನು ಗೌರವಧನವಿಲ್ಲದೆ ಬರುತ್ತೇನೆ. ಶಾಲು ಹೊದಿಸಬೇಡಿ, ವೇದಿಕೆಯ ಮೇಲೆ ಕುರ್ಚಿಯೂ ಬೇಡ.

ಆ ಹುಡುಗ ಈಗ ಹತ್ತನೆಯ ತರಗತಿ. ತಲೆನೋವು ಹೋಗಿದೆ, ವೈದ್ಯರು ಓಡಾಡಲು ಬಿಟ್ಟಿದ್ದಾರೆ, ಮತ್ತೆ ಆಡುತ್ತೇನೆಂದು ಹಟ ಹಿಡಿದಿದ್ದಾನೆ. ಕಳೆದ ಭಾನುವಾರ ಅವನ ತಾಯಿ ಮನೆಗೆ ಬಂದಿದ್ದರು. “ನೀವೇ ಹೇಳಿ ಮೇಷ್ಟ್ರೇ, ಕಳಿಸಲೋ ಬೇಡವೋ?” ಎಂದರು. ನಿಮ್ಮ ಉತ್ತರ ಬಂದ ಮೇಲೆ ತಿಳಿಸುತ್ತೇನೆಂದು ಹೇಳಿ ಕಳಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ದಾವಣಗೆರೆ